ನಾಯಿ ದವಾಖಾನಿ ಖರ್ಚು, ಪೆಟ್ ಇನ್ಶೂರೆನ್ಸು: ಕೊಪ್ಪಳ ಕಡೆ ಮಂದಿ ಪದೇ ಪದೇ ಕೇಳೋ ಪ್ರಶ್ನೆಗಳು

ನಮ್ಮನ್ಯಾಗ ಎರಡು ನಾಯಿ ಅದಾವ. ಚಿನ್ನಿ ಅಂತ ಮುಧೋಳ ಕ್ರಾಸ್ ಒಂದು, ಅಕಿಗೆ ಈಗ ಏಳು ವರ್ಷ, ಇನ್ನೊಂದು ಕರಿಯ, ಓಣ್ಯಾಗ ಹುಟ್ಟಿದ್ದು ಮಳೆಗಾಲದಾಗ ಒಂದಿನ ಕಟ್ಟಿ ಹತ್ತಿ ಮಲಗಿದ್ದು ಮತ್ತ ಹೋಗಲೇ ಇಲ್ಲ. ಕೊಪ್ಪಳ, ಗಂಗಾವತಿ, ಆ ಕಡೆ ಸಿಂಧನೂರು, ಬಳ್ಳಾರಿಯಿಂದ ಪರಿಚಯದವರು "ನಾಯಿ ಹಿಂಗಾಗೈತಿ, ಎಷ್ಟು ಖರ್ಚಾಗ್ತೈತಿ, ಇನ್ಶೂರೆನ್ಸ್ ಮಾಡ್ಸಿದ್ರ ಹೆಂಗ" ಅಂತ ಫೋನ್ ಮಾಡ್ತಿರ್ತಾರ, ಎಲ್ಲಾರಿಗೂ ಅದನ್ನ ಹೇಳಿ ಹೇಳಿ ಕಡೀಕ ಇಲ್ಲಿ ಬರದಿಟ್ಟೀನಿ. ನಾನು ಡಾಕ್ಟರ್ ಅಲ್ಲ, ಏಜೆಂಟೂ ಅಲ್ಲ. ಒಂದು ಕ್ಲೇಮ್ (ಖರ್ಚು ಕೊಡ್ರಿ ಅಂತ ಇನ್ಶೂರೆನ್ಸ್ ಕಂಪನಿಗೆ ಹಾಕೋ ಅರ್ಜಿ) ಕಳಕೊಂಡೀನಿ, ಒಂದು ಕ್ಲೇಮ್ ತಗೊಂಡೀನಿ, ಆ ಎರಡರ ನಡುವ ಕಲ್ತಿದ್ದು ಇದು.

ಪ್ರಶ್ನೆ: ಒಂದು ನಾಯಿಗೆ ವರ್ಷಕ್ಕ ದವಾಖಾನಿ ಖರ್ಚು ಎಷ್ಟು ಬರ್ತೈತಿ?

ಆರಾಮ ಇರೋ ನಾಯಿಗೆ ಅಂಥಾ ದೊಡ್ಡ ಖರ್ಚಿಲ್ಲ. ಮಲ್ಟಿ ವ್ಯಾಕ್ಸಿನ್ (ಡಿಸ್ಟೆಂಪರ್, ಪಾರ್ವೋ ಅನ್ನೋ ವೈರಸ್ ರೋಗಕ್ಕೆಲ್ಲಾ ಕೂಡಿದ್ದು) ವರ್ಷಕ್ಕೊಂದು, ಹುಚ್ಚುನಾಯಿ ರೋಗದ್ದು ವರ್ಷಕ್ಕೊಂದು, ಮೂರು ತಿಂಗಳಿಗೊಮ್ಮೆ ಜಂತಿನ ಗುಳಿಗಿ, ಉಣ್ಣಿಗೆ ಗುಳಿಗಿ ಇಲ್ಲಾ ಹನಿ ಔಷಧ. ನಮಗ ಚಿನ್ನಿ ಒಬ್ಬಾಕಿಗೆ ಇದೆಲ್ಲಾ ಸೇರಿ ವರ್ಷಕ್ಕ ಆರೇಳು ಸಾವಿರ ಆಗ್ತೈತಿ, ಅದರಾಗ ಅರ್ಧಕ್ಕಿಂತ ಹೆಚ್ಚು ಉಣ್ಣಿ ಔಷಧಕ್ಕೇ ಹೋಗ್ತೈತಿ. ಕುನ್ನಿ ಇದ್ರ ಮೊದಲ್ನೇ ವರ್ಷ ಸ್ವಲ್ಪ ಹೆಚ್ಚು, ಯಾಕಂದ್ರ ಆರರಿಂದ ಎಂಟು ವಾರಕ್ಕ ಮೊದಲ್ನೇ ಸೂಜಿ, ಆಮ್ಯಾಲ ಮೂರ್ನಾಕು ವಾರಕ್ಕೊಮ್ಮೆ ಮತ್ತ ಮತ್ತ ಮಾಡ್ಸಬೇಕು, ಮೂರು ತಿಂಗಳಿಗೆ ರೇಬೀಸ್ ಸೂಜಿ.

ಮಂದಿಗೆ ಹೊಡ್ತ ಬೀಳೋದು ಇದರಿಂದಲ್ಲ, ಒಮ್ಮಿಗೇ ಬರೋ ಖರ್ಚಿನಿಂದ. ಪಾರ್ವೋ ಆದ ಕುನ್ನಿಗೆ ಐದಾರು ದಿನ ಸಲೈನ್ ಹಚ್ಚಿದ್ರ ಹತ್ತು ಸಾವಿರದ ಹತ್ರ ಹೋಗಿದ್ದು ನಾನೇ ನೋಡೀನಿ, ಕಾಲು ಮುರದು ರಾಡ್ ಹಾಕ್ಸಿದ ಗೆಳೆಯಂದು ಮೂವತ್ತು ಸಾವಿರ ದಾಟ್ತು, ನಮ್ಮ ಚಿನ್ನಿ ಗರ್ಭಚೀಲದ ಆಪರೇಷನ್ನಿಗೆ ಗಾಡಿ ಬಾಡಿಗಿ ಬಿಟ್ಟು 24 ಸಾವಿರ. ಇನ್ಶೂರೆನ್ಸ್ ಬೇಕೋ ಬ್ಯಾಡೋ ಅನ್ನೋದನ್ನ ಈ ಎರಡ್ನೇ ಪಟ್ಟಿ ಇಟ್ಕೊಂಡು ಯೋಚನೆ ಮಾಡ್ರಿ, ಮೊದಲ್ನೇ ಪಟ್ಟಿ ಹೆಂಗಿದ್ರೂ ನಿಮ್ಮ ಕಿಸೆದಾಗಿಂದ್ಲೇ ಹೋಗೋದು.

ಪ್ರಶ್ನೆ: ಸರ್ಕಾರಿ ದನದ ದವಾಖಾನಿಗೆ ನಾಯಿ ಒಯ್ಯಬೋದಾ? ಅವರು ಬೈತಾರಂತಲ್ಲ?

ಒಯ್ಯಬೋದು, ಹಕ್ಕಿನಿಂದ ಒಯ್ರಿ. ದನದ ದವಾಖಾನಿ ಅನ್ನೋದು ನಮ್ಮ ಬಾಯಿ ರೂಢಿ ಅಷ್ಟ, ಪಶು ಆಸ್ಪತ್ರೆ ಅಂದ್ರ ನಾಯಿ ಬೆಕ್ಕಿಗೂ ಸೇರಿದ್ದು. ನಾನು ಹೋದಾಗೆಲ್ಲ ಚಲೋ ನೋಡ್ಯಾರ. ಬೆಳಗ್ಗೆ ಹೊತ್ತಿಗೆ ಹೋಗ್ರಿ, ಕುರಿ ದನ ಕಟ್ಟಿರ್ತಾರ ಅದಕ್ಕ ನಾಯಿಗೆ ಬಾಯಿಪಟ್ಟಿ ಹಾಕಿ ಗಟ್ಟಿ ಹಗ್ಗ ಹಿಡ್ಕೊಂಡು ಹೋಗ್ರಿ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಆ ಸುಮಾರಿಗೆ ಬಿಟ್ಟಿ ಲಸಿಕೆ ಶಿಬಿರ ಮಾಡ್ತಾರ, ಕೇಳ್ಕೊಂಡು ಹೋಗ್ರಿ, ಕಾರ್ಡಿನ್ಯಾಗ ಬರಸ್ಕೊಳ್ಳೋದು ಮಾತ್ರ ಮರೀಬ್ಯಾಡ್ರಿ (ಯಾಕ ಅಂತ ಕೆಳಗ ಹೇಳ್ತೀನಿ).

1962ಕ್ಕ ಫೋನ್ ಮಾಡಿದ್ರ ಪಶು ಸಂಜೀವಿನಿ ಗಾಡಿ ಬರ್ತೈತಲ್ಲ, ಅದು ಮುಖ್ಯವಾಗಿ ರೈತರ ದನ, ಎಮ್ಮಿ, ಕುರಿ, ಮ್ಯಾಕಿಗೆ ಅಂತ ಇಟ್ಟಿದ್ದು. ನಾಯಿಗೆ ಅದನ್ನ ನಂಬ್ಕೊಂಡು ಕೂಡಬ್ಯಾಡ್ರಿ.

ದೊಡ್ಡ ಆಪರೇಷನ್, ಸ್ಕ್ಯಾನಿಂಗ್ ಅಂದ್ರ ಊರು ಬಿಡಬೇಕಾಗ್ತೈತಿ. ಕೊಪ್ಪಳದವರಿಗೆ ಗದಗಿನ ವೆಟರ್ನರಿ ಕಾಲೇಜು ಹತ್ರ, ಸುಮಾರು 60 ಕಿಲೋಮೀಟರ್, ಅದು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೆಳಗ ಬರ್ತೈತಿ. ಇಲ್ಲಾಂದ್ರ ಹುಬ್ಬಳ್ಳಿ. ರಾಯಚೂರಿನವರು ಹೈದರಾಬಾದಿಗೆ ಹೋಗ್ತಾರ, ಬಳ್ಳಾರಿಯವರು ಬೆಂಗಳೂರಿಗೆ. ಹೋಗೋಕ ಮೊದಲು ಫೋನ್ ಹಚ್ಚಿ ಡಾಕ್ಟರ್ ಅದಾರೋ ಇಲ್ಲೋ ಕೇಳ್ರಿ, ಉಸಿರು ಬಿಗಿ ಹಿಡ್ಕೊಂಡು ನೂರು ಕಿಲೋಮೀಟರ್ ಹೋಗಿ ಬಾಗಿಲ ಹಾಕಿದ್ದು ನೋಡೋ ಸಂಕಟ ಯಾರಿಗೂ ಬ್ಯಾಡ.

ಪ್ರಶ್ನೆ: ನಮ್ಮ ಕಡೆ ನಾಯಿಗೆ ಜಾಸ್ತಿ ಬರೋ, ರೊಕ್ಕ ತಿನ್ನೋ ರೋಗ ಯಾವ್ಯಾವು?

ಮೊದಲ್ನೇದು ಉಣ್ಣಿ ಜ್ವರ. ನಮ್ಮ ಬಿಸಿಲಿಗೆ ಉಣ್ಣಿ ವರ್ಷಪೂರ್ತಿ ಇರ್ತಾವ, ಗ್ವಾಡಿ ಸಂದ್ಯಾಗ, ಮಂಚದ ಕೆಳಗ, ಕಲ್ಲು ಬಂಡಿ ಸಂದ್ಯಾಗ ತತ್ತಿ ಇಡ್ತಾವ, ನಾಯಿ ಮೈಮ್ಯಾಲಿಂದು ತಗದ್ರ ಸಾಲಂಗಿಲ್ಲ ಮನಿನೂ ಸ್ವಚ್ಛ ಮಾಡಬೇಕು. ಉಣ್ಣಿ ಕಚ್ಚಿದಾಗ ಎರ್ಲಿಕಿಯಾ, ಬಬೇಸಿಯಾ ಅನ್ನೋ ಸೂಕ್ಷ್ಮಜೀವಿ ರಕ್ತದಾಗ ಸೇರ್ತಾವ. ನಾಯಿ ಊಟ ಬಿಡ್ತೈತಿ, ಮೈ ಬಿಸಿ, ವಸಡು ಬೆಳ್ಳಗ, ಪ್ಲೇಟ್‌ಲೆಟ್ ಇಳಿದ್ರ ಮೂಗಿನ್ಯಾಗ ರಕ್ತ. ಜಲ್ದಿ ರಕ್ತ ಚೆಕ್ ಮಾಡ್ಸಿದ್ರ ಎರ್ಲಿಕಿಯಾಕ್ಕ ಡಾಕ್ಸಿಸೈಕ್ಲಿನ್ ಗುಳಿಗಿಯೊಳಗ ಮುಗಿತೈತಿ, ಅದು ದುಬಾರಿ ಅಲ್ಲ, ಆದ್ರ ಸುಮಾರು 28 ದಿನ ಬಿಡದಂಗ ಕೊಡಬೇಕು. ಮಂದಿ ಏನ್ ಮಾಡ್ತಾರಂದ್ರ ಐದ್ನೇ ದಿನಕ್ಕ ನಾಯಿ ಎದ್ದು ಊಟ ಮಾಡಿದ ಕೂಡ್ಲೇ ಗುಳಿಗಿ ಬಿಡ್ತಾರ, ಎರಡು ತಿಂಗಳಿಗೆ ಅದು ಮತ್ತ ಬರ್ತೈತಿ, ಆಗ ರಕ್ತ ಹಾಕೋ ಮಟ್ಟಕ್ಕ ಹೋಗಿರ್ತೈತಿ. ಇನ್ನೊಂದು, ಆ ಗುಳಿಗೀನ ಹಾಲಿನ್ಯಾಗ ಹಾಕಿ ಕೊಡಬ್ಯಾಡ್ರಿ, ಹಾಲಿನ ಕ್ಯಾಲ್ಸಿಯಂ ಔಷಧ ಮೈಗೆ ಹತ್ತದಂಗ ಮಾಡ್ತೈತಿ. ಅನ್ನ ಇಲ್ಲಾ ರೊಟ್ಟಿ ತುಣುಕಿನ್ಯಾಗ ಇಟ್ಟು ಕೊಡ್ರಿ, ಮ್ಯಾಲ ನೀರು ಕುಡಿಸ್ರಿ.

ಎರಡ್ನೇದು ಪಾರ್ವೋ. ಕುನ್ನಿಗೆ ವಾಂತಿ, ರಕ್ತ ಭೇದಿ. ಲಸಿಕೆ ಪೂರ್ತಿ ಮಾಡ್ಸಿದ್ರ ಇದು ಬರೋದು ಭಾಳ ಕಡಿಮಿ. ಒಮ್ಮೆ ಮನ್ಯಾಗ ಬಂದು ಹೋಗಿದ್ರ ಆ ವೈರಸ್ ಮಣ್ಣಾಗ ತಿಂಗಳಗಟ್ಲೆ ಜೀವ ಇರ್ತೈತಿ, ಫಿನಾಯಿಲ್ ಹಾಕಿದ್ರ ಸಾಯಂಗಿಲ್ಲ, ಬ್ಲೀಚ್ ಬೇಕು, ಒಂದು ಭಾಗ ಬ್ಲೀಚಿಗೆ ಮೂವತ್ತು ಭಾಗ ನೀರು. ಹಳೇ ಕುನ್ನಿ ಸತ್ತ ಮನಿಗೆ ಹದಿನೈದು ದಿನಕ್ಕ ಹೊಸ ಕುನ್ನಿ ತಂದು ಅದನ್ನೂ ಕಳಕೊಂಡವರು ನಮ್ಮ ಓಣ್ಯಾಗೇ ಅದಾರ, ಆ ಮನಿ ಹುಡುಗಿ ಅತ್ತಿದ್ದು ಇನ್ನೂ ಕಿವ್ಯಾಗ ಐತಿ.

ಮೂರ್ನೇದು ಎಣ್ಣಿ, ಅಂದ್ರ ಬೆಳಿಗೆ ಹೊಡಿಯೋ ಕೀಟನಾಶಕ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಅಂದ್ರ ಕಾಲುವಿ ನೀರಿನ ಭತ್ತದ ಸೀಮಿ, ಹೊಲಕ್ಕ ಎಣ್ಣಿ ಹೊಡಿಯೋದು ನಿಲ್ಲಂಗಿಲ್ಲ. ಹೊಡದ ಮ್ಯಾಲ ಡಬ್ಬಿ ಬದುವಿನ ಮ್ಯಾಲ ಒಗದು ಬರ್ತಾರ, ನಾಯಿ ಮೂಸಿ ನೆಕ್ಕಿ ಬರ್ತೈತಿ. ಬಾಯಾಗ ಜೊಲ್ಲು, ನಡುಕ, ಕಣ್ಣಿನ ಪಾಪೆ ಸಣ್ಣ ಆಗೋದು, ಇವು ಕಂಡ್ರ ಮಜ್ಜಿಗಿ ಎಳನೀರು ಕುಡಿಸಿ ಹೊತ್ತು ಕಳೀಬ್ಯಾಡ್ರಿ, ಡಬ್ಬಿ ಸಿಕ್ರ ಅದನ್ನ ಜೊತಿಗೆ ತಗೊಂಡು ಸೀದಾ ಡಾಕ್ಟರ ಹತ್ರ ಓಡ್ರಿ, ಕೆಲವು ನಮೂನಿ ಎಣ್ಣಿಗೆ ಅಟ್ರೋಪಿನ್ ಅಂತ ಔಷಧ ಐತಿ ಆದ್ರ ಎಷ್ಟು ಜಲ್ದಿ ಆಗ್ತೈತೋ ಅಷ್ಟು ಜಲ್ದಿ ಬೀಳಬೇಕು. ಯಾವ ಎಣ್ಣಿ ಅಂತ ಡಬ್ಬಿ ನೋಡಿದ್ರ ಡಾಕ್ಟರಿಗೆ ಅರ್ಧ ಕೆಲಸ ಹಗುರಾಗ್ತೈತಿ.

ಹಾವು ಕಡದ್ರೂ ಹಂಗೇ. ನಾಗರಹಾವು, ಕೊಳಕುಮಂಡಲ, ಕಟ್ಟಹಾವು, ಗರಗಸ ಮಂಡಲ ಈ ನಾಕಕ್ಕೂ ಮನಷ್ಯಾರಿಗೆ ಕೊಡೋ ಅದೇ ವಿಷ ಇಳಿಸೋ ಸೂಜಿ ನಾಯಿಗೂ ಕೊಡ್ತಾರ. ಒಂದು ಶೀಸೆಯೊಳಗ ಮುಗಿಯಂಗಿಲ್ಲ, ನಾಕೈದು ಬೇಕಾದ್ರ ಬಿಲ್ಲು ಏರ್ತಾ ಹೋಗ್ತೈತಿ.

ಆಮ್ಯಾಲ ಬಿಸಿಲು. ಏಪ್ರಿಲ್ ಮೇ ತಿಂಗಳು ರಾಯಚೂರಾಗ, ಬಳ್ಳಾರ್ಯಾಗ 40 ಡಿಗ್ರಿ ದಾಟೋದು ವಾಡಿಕಿ. ನಾಯಿ ಮೈ ಶಾಖ ಮಾಮೂಲು 101ರಿಂದ 102.5 ಫ್ಯಾರನ್‌ಹೀಟ್ ಇರ್ತೈತಿ, 105 ದಾಟಿದ್ರ ಜೀವಕ್ಕ ಅಪಾಯ. ಹಸ್ಕಿ, ಪಗ್ ಸಾಕಿದವರು ದಯವಿಟ್ಟು ಲಕ್ಷ್ಯ ಕೊಡ್ರಿ, ಅವು ನಮ್ಮ ಸೀಮಿಗೆ ಹುಟ್ಟಿದವಲ್ಲ. ಏದುಸಿರು ಬಿಟ್ಟು ಬಿದ್ರ ನೆರಳಿಗೆ ತಂದು ತಣ್ಣನ ನೀರು ಹೊಟ್ಟಿ, ತೊಡಿ ಸಂದಿ, ಪಾದಕ್ಕ ಹಾಕಿ ಗಾಳಿ ಹೊಡ್ದು ಹಂಗೇ ದವಾಖಾನಿಗೆ ಒಯ್ರಿ.

ಪ್ರಶ್ನೆ: ಉಣ್ಣಿಗೆ ದನಕ್ಕ ಹಚ್ಚೋ ಎಣ್ಣಿನೇ ನಾಯಿಗೆ ಹಚ್ಚಿದ್ರ ಅಗ್ಗ ಅಲ್ಲೇನ್ರಿ?

ಅಗ್ಗ ಅನ್ನಸ್ತೈತಿ, ಆಮ್ಯಾಲ ಅದಕ್ಕ ಹತ್ತುಪಟ್ಟು ಕೊಡಬೇಕಾಗ್ತೈತಿ. ದನಕ್ಕ ಅಳತಿ ಬ್ಯಾರೆ, ನಾಯಿ ಮೈ ನೆಕ್ತೈತಿ, ಹಚ್ಚಿದ್ದೆಲ್ಲಾ ಹೊಟ್ಟಿಗೆ ಹೋಗ್ತೈತಿ. ದನಕ್ಕ ಮಾಡೋ ಐವರ್ಮೆಕ್ಟಿನ್ ಸೂಜಿ ಅಂದಾಜಿನ ಮ್ಯಾಲ ನಾಯಿಗೆ ಮಾಡಿಸ್ಬ್ಯಾಡ್ರಿ, ಕೆಲವು ತಳಿಗೆ ಅದು ಸೀದಾ ಮಿದುಳಿಗೆ ಹತ್ತತೈತಿ. ಮತ್ತ ನಾಯಿಗೆ ಅಂತ ಇರೋ ಪರ್ಮೆಥ್ರಿನ್ ಹನಿ ಬೆಕ್ಕಿಗೆ ವಿಷ. ಹಂಗೇ ಮನಷ್ಯಾರ ಪ್ಯಾರಾಸಿಟಮಾಲ್ ಅರ್ಧ ಗುಳಿಗಿ ಸಾಕು ಬೆಕ್ಕಿನ ಜೀವ ತಗಿಯಾಕ.

ಪ್ರಶ್ನೆ: ಪೆಟ್ ಇನ್ಶೂರೆನ್ಸ್ ಅಂದ್ರ ಏನೇನು ಕೊಡ್ತಾರ?

ಭಾರತದಾಗ ನಾಯಿ ಪಾಲಿಸಿ ಹೊಸದೇನಲ್ಲ, ನ್ಯೂ ಇಂಡಿಯಾ, ಓರಿಯಂಟಲ್ ಅಂಥ ಸರ್ಕಾರಿ ಕಂಪನಿ ಮೊದಲಿಂದ ಕೊಡ್ತಿದ್ವು, ಮಂದಿಗೆ ಗೊತ್ತಾಗಿದ್ದು 2020ರಾಗ ಬಜಾಜ್ ಶುರು ಮಾಡಿದ ಮ್ಯಾಲ, ಈಗ ಎಚ್‌ಡಿಎಫ್‌ಸಿ ಎರ್ಗೋ ಅಂಥವೂ ಕೊಡ್ತಾವ. ಸಾಮಾನ್ಯವಾಗಿ ಇದರಾಗ ತುಂಡು ತುಂಡು ಇರ್ತಾವ: ಆಪರೇಷನ್ ಮತ್ತ ಅಡ್ಮಿಟ್ ಖರ್ಚು, ನಾಯಿ ಸತ್ರ ಕೊಡೋ ರೊಕ್ಕ, ಕಳುವಾದ್ರ ಇಲ್ಲಾ ತಪ್ಪಿಸ್ಕೊಂಡ್ರ, ಬ್ಯಾರೆಯವರಿಗೆ ಕಚ್ಚಿದ್ರ ಬರೋ ಹೊಣೆ, ಕೆಲವದ್ರಾಗ ಓಪಿಡಿ (ಅಡ್ಮಿಟ್ ಆಗದ ತೋರಸ್ಕೊಂಡು ಬರೋ ಖರ್ಚು). ಒಂದೊಂದು ಕಂಪನಿ ಇದನ್ನ ಒಂದೊಂದು ನಮೂನಿ ಕೂಡಸ್ತಾರ.

ನಮ್ಮ ಕಡೆಯವರಿಗೆ ಬೇಕಾಗಿದ್ದು ಮುಖ್ಯ ಆಪರೇಷನ್ ಮತ್ತ ಅಡ್ಮಿಟ್ಟಿನ ತುಂಡು, ಅದರ ಬೆನ್ನಿಗೆ ಕಚ್ಚಿದ್ರ ಹೊಣೆ. ಕಳುವಿನ ತುಂಡು ಎರಡು ಲಕ್ಷ ಕೊಟ್ಟು ತಂದ ನಾಯಿಗೆ ಸರಿ, ಕರಿಯನಂಥವಕ್ಕ ಅದಕ್ಕ ರೊಕ್ಕ ಕಟ್ಟೋದು ವ್ಯರ್ಥ.

ಲಸಿಕೆ, ಜಂತಿನ ಗುಳಿಗಿ, ಊಟ, ಕೂದಲು ಕತ್ರಿಸೋದು, ಬಸಿರು ಬಾಣಂತನ, ಚಂದ ಕಾಣಲಿ ಅಂತ ಬಾಲ ಕಿವಿ ಕೊಯ್ಯಿಸೋದು, ಪಾಲಿಸಿ ಮಾಡ್ಸೋಕ ಮೊದಲೇ ಇದ್ದ ರೋಗ, ಗಾಡಿ ಬಾಡಿಗಿ, ಇವು ಯಾವೂ ಮಾಮೂಲಾಗಿ ಬರಂಗಿಲ್ಲ. ಗಾಡಿ ಬಾಡಿಗಿ ನಮ್ಮಂಥ ಊರಿಗೆ ಸಣ್ಣ ಖರ್ಚಲ್ಲ ನೋಡ್ರಿ, ರಾತ್ರಿ ಹೊತ್ತು ನಾಯಿ ಹಾಕ್ಕೊಂಡು ಹುಬ್ಬಳ್ಳಿಗೆ ಹೋಗ್ಬೇಕಂದ್ರ ಡ್ರೈವರು ಮೊದಲು ಒಲ್ಲೆ ಅಂತಾರ ಆಮ್ಯಾಲ ಎರಡುಪಟ್ಟು ಕೇಳ್ತಾರ.

ಪ್ರಶ್ನೆ: ನಮ್ಮ ದನಕ್ಕ ಕಿವಿ ಬಿಲ್ಲೆ ಹಾಕಿ ಇನ್ಶೂರೆನ್ಸ್ ಮಾಡ್ಯಾರ, ಅದರಾಗೇ ನಾಯಿ ಸೇರಸ್ಬೋದಾ?

ಬರಂಗಿಲ್ಲ. ಆ 12 ಅಂಕಿ ಬಿಲ್ಲೆದ ವಿಮೆ ಸರ್ಕಾರದ ಸಬ್ಸಿಡಿ ಇರೋದು, ರೈತರ ಜಾನುವಾರಿಗೆ. ನಾಯಿ ಅದರಾಗಿಲ್ಲ, ನಾಯಿದು ಬ್ಯಾರೆನೇ ಪಾಲಿಸಿ, ಪೂರ್ತಿ ರೊಕ್ಕ ನೀವೇ ಕಟ್ಟಬೇಕು.

ಪ್ರಶ್ನೆ: ಮುಧೋಳ, ನಾಟಿ ನಾಯಿಗೆ ಪಾಲಿಸಿ ಕೊಡ್ತಾರಾ? ಸರ್ಟಿಫಿಕೇಟ್ ಇಲ್ಲ.

ಕೊಡ್ತಾರ. ಪೆಡಿಗ್ರೀ (ತಳಿಯ ವಂಶದ ದಾಖಲಿ) ಇಲ್ಲದ್ದು, ಕ್ರಾಸ್, ದೇಶಿ ಎಲ್ಲದಕ್ಕೂ ಕೊಡೋ ಕಂಪನಿ ಅದಾವ, ಕೇಳಿ ತಗೋಬೇಕು ಅಷ್ಟ. ಒಂದೇ ಫರಕ್ ಏನಂದ್ರ ಸತ್ರ ಕೊಡೋ ರೊಕ್ಕಕ್ಕ ನಾಯಿ ಬೆಲಿ ಎಷ್ಟು ಅಂತ ಕೇಳ್ತಾರ, ಖರೀದಿ ಮಾಡಿದ ಚೀಟಿ ಇಲ್ಲಾಂದ್ರ ಕಡಿಮಿ ಬೆಲಿ ಹಿಡೀತಾರ. ಖರೇ ಹೇಳ್ಬೇಕಂದ್ರ ನಾಟಿ ನಾಯಿ ಮತ್ತ ಮುಧೋಳ ನಮ್ಮ ಬಿಸಿಲಿಗೆ ಒಗ್ಗಿದವು, ದವಾಖಾನಿ ಮೆಟ್ಟಿಲು ಹತ್ತೋದೇ ಕಡಿಮಿ. ಹೊಸದಾಗಿ ನಾಯಿ ತರೋರಿಗೆ ನಾನು ಹೇಳೋದು ಇಷ್ಟ, ಖರ್ಚು ಕಡಿಮಿ ಆಗಬೇಕಂದ್ರ ಮೊದಲು ತಳಿ ನೋಡಿ ತರ್ರಿ.

ಗುರುತಿಗೆ ಚಿಪ್ ಹಾಕ್ಸಿದ್ರ ಚಲೋ. ಅಕ್ಕಿಕಾಳಿನಷ್ಟು ಇರ್ತೈತಿ, ಹೆಗಲ ಸಂದಿ ಚರ್ಮದ ಕೆಳಗ ಸೂಜಿಲೆ ಹಾಕ್ತಾರ, 15 ಅಂಕಿ ನಂಬರ್. ಕೆಲವು ಕಂಪನಿ ಅದಕ್ಕ ಪ್ರೀಮಿಯಂನಾಗ (ಪಾಲಿಸಿಗೆ ನಾವು ಕಟ್ಟೋ ರೊಕ್ಕದಾಗ) ಸ್ವಲ್ಪ ಬಿಡ್ತಾರ. ಎಲ್ಲಕ್ಕಿಂತ ಹೆಚ್ಚು, "ಇದು ಅದೇ ನಾಯಿ ಅಂತ ಏನು ಗ್ಯಾರಂಟಿ" ಅನ್ನೋ ಮಾತು ಕ್ಲೇಮಿನ ಹೊತ್ತಿಗೆ ಬರಂಗಿಲ್ಲ.

ಪ್ರಶ್ನೆ: ಪಾಲಿಸಿ ಕಾಗದ ಮೂವತ್ತು ಪುಟ ಐತಿ. ಏನ್ ನೋಡಬೇಕು?

ಮೊದಲು ಕೊನೀ ಪುಟಗಳನ್ನ ಓದ್ರಿ, ಅಲ್ಲೇ ಏನು ಕೊಡಂಗಿಲ್ಲ ಅನ್ನೋದು ಇರ್ತೈತಿ. ಆಮ್ಯಾಲ ನಾಕು ಮಾತು ಹುಡುಕ್ರಿ.

ವೇಟಿಂಗ್ ಪೀರಿಯಡ್: ಪಾಲಿಸಿ ತಗೊಂಡ ಮ್ಯಾಲ ಇಷ್ಟು ದಿನ ರೋಗಕ್ಕ ಏನೂ ಕೊಡಂಗಿಲ್ಲ ಅಂತ ಇರ್ತೈತಿ. ನಾಯಿ ಮಲಗಿದ ಮ್ಯಾಲ ಪಾಲಿಸಿ ಮಾಡ್ಸೋಕ ಹೋಗೋದು ಅದಕ್ಕ ಉಪಯೋಗ ಇಲ್ಲ, ಮತ್ತ ಮುಚ್ಚಿಟ್ಟು ಮಾಡ್ಸೋದು ಅಂತೂ ಮಾಡಲೇಬ್ಯಾಡ್ರಿ, ಮುಂದ ಖರೇ ಕ್ಲೇಮ್ ಬಂದಾಗ ಅದನ್ನೂ ಕಳಕೊಳ್ತೀರಿ.

ಸಬ್-ಲಿಮಿಟ್ ಮತ್ತ ಕೋ-ಪೇ: ಇದನ್ನ ಲೆಕ್ಕ ಹಾಕಿ ತೋರಸ್ತೀನಿ. ಪಾಲಿಸಿ ಮ್ಯಾಲ ದೊಡ್ಡಕ್ಷರದಾಗ 50,000 ಅಂತ ಐತಿ ಅನ್ಕೋರಿ. ಒಳಗ ಒಂದು ಆಪರೇಷನ್ನಿಗೆ 15,000 ಮಾತ್ರ ಅಂತ ಸಬ್-ಲಿಮಿಟ್, ಮ್ಯಾಲ ಕೋ-ಪೇ 20 ಪರ್ಸೆಂಟ್ ನಿಮ್ಮದು. ಬಿಲ್ಲು ಬಂದದ್ದು 24,000. ಅವರು ಮೊದಲು 15,000ಕ್ಕ ಇಳಸ್ತಾರ, ಅದರಾಗ 20 ಪರ್ಸೆಂಟ್ ಅಂದ್ರ 3,000 ಮುರೀತಾರ, ಕೈಗೆ ಬರೋದು 12,000. ಅರ್ಧ ಬಿಲ್ಲು ನಿಮ್ಮದೇ. ವರ್ಷಕ್ಕ 3,500 ಪ್ರೀಮಿಯಂ ಕಟ್ಟಿದ್ರ ಇದು ಲಾಭನೋ ನಷ್ಟನೋ ನೀವೇ ಹೇಳ್ರಿ, ನಾನಂತೂ ಇದು ಸುಮಾರು ಪಾಲಿಸಿ ಅಂತೀನಿ. ಸಮ್ ಇನ್ಶೂರ್ಡ್ (ಪಾಲಿಸಿ ಮ್ಯಾಲ ಬರದ ಒಟ್ಟು ಮೊತ್ತ) ಕಡಿಮಿ ಇದ್ರೂ ಆಪರೇಷನ್ನಿಗೆ ಮಿತಿ ಇಲ್ಲದ ಪಾಲಿಸಿ ಅದಕ್ಕಿಂತ ಚಲೋ.

ವಯಸ್ಸು: ಎಷ್ಟು ತಿಂಗಳಿಂದ ಎಷ್ಟು ವರ್ಷದ ತನಕ ಹೊಸದಾಗಿ ತಗೋತಾರ, ರಿನ್ಯೂ ಎಷ್ಟು ವರ್ಷದ ತನಕ ಅಂತ ಎರಡೂ ಬ್ಯಾರೆ ಬ್ಯಾರೆ ಕೇಳ್ರಿ. ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್ ಅಂಥ ಭಾರೀ ತಳಿಗೆ ಮಿತಿ ಇನ್ನೂ ಕಡಿಮಿ ಇರ್ತೈತಿ, ಅವುಗಳ ಆಯುಷ್ಯನೇ ಕಡಿಮಿ ಅಂತ.

ನಾಕ್ನೇದು ಲಸಿಕೆ ಷರತ್ತು. ಲಸಿಕೆಯಿಂದ ತಡೀಬೋದಾದ ರೋಗ ಲಸಿಕೆ ಇಲ್ಲದ ನಾಯಿಗೆ ಬಂದ್ರ ಕ್ಲೇಮ್ ಇಲ್ಲ. ಪಾರ್ವೋ, ಡಿಸ್ಟೆಂಪರ್, ರೇಬೀಸ್ ಎಲ್ಲಾ ಇದರಾಗ ಬಿತ್ತು. ಒಂದು ವರ್ಷ ಬೂಸ್ಟರ್ ತಪ್ಪಿದ್ರೂ ತಕರಾರು ತಗೀತಾರ.

ಪ್ರಶ್ನೆ: ನಿಮ್ಮ ಕ್ಲೇಮ್ ಯಾಕ ರಿಜೆಕ್ಟ್ ಆತು?

ಇದನ್ನ ಬರಿಯೋವಾಗ ಇನ್ನೂ ಹೊಟ್ಟಿ ಉರೀತೈತಿ. ಚಿನ್ನಿಗೆ ಐದು ವರ್ಷ ಇದ್ದಾಗ, ಬೆದಿ ಬಂದು ಹೋಗಿ ಒಂದೂವರೆ ತಿಂಗಳಾಗಿತ್ತು, ಅಕಿ ಬಕೆಟ್‌ಗಟ್ಲೆ ನೀರು ಕುಡಿಯಾಕ ಹತ್ತಿದ್ಲು, ಊಟ ಬಿಟ್ಲು, ಹಿಂದಗಡೆ ಕೀವು. ಬಿಸಿಲಿಗೆ ನೀರು ಕುಡೀತಾಳ ಅಂತ ನಾವು ಮೂರು ದಿನ ಕಳದ್ವಿ. ಪಯೋಮೆಟ್ರಾ ಅಂತಾರ ಇದಕ್ಕ, ಗರ್ಭಚೀಲದಾಗ ಕೀವು ತುಂಬೋದು, ಮರಿ ಆಗದಂಗ ಆಪರೇಷನ್ ಮಾಡ್ಸದ ಹೆಣ್ಣುನಾಯಿಗೆ ವಯಸ್ಸಾದಂಗೆ ಬರ್ತೈತಿ. ಚೀಲ ಒಡದ್ರ ಉಳಿಯಂಗಿಲ್ಲ. ಬ್ಯಾರೆ ಊರಿನ ಒಂದು ಖಾಸಗಿ ದವಾಖಾನಿಗೆ ರಾತ್ರೋರಾತ್ರಿ ಒಯ್ದ್ವಿ, ಬೆಳಗಿನ ಜಾವಕ್ಕ ಆಪರೇಷನ್ ಆತು, ಅಕಿ ಉಳಿದ್ಲು, ಆ ಡಾಕ್ಟರ ಕೈ ನಾನು ಜೀವಮಾನ ಮರಿಯಂಗಿಲ್ಲ.

ಪಾಲಿಸಿ ಇತ್ತು, ಪ್ರೀಮಿಯಂ ತಪ್ಪಿಸಿದ್ದಿಲ್ಲ. ಆದ್ರ ನಾನು ಕಳ್ಸಿದ ಬಿಲ್ಲು ಒಂದು ಬಿಳಿ ಹಾಳಿ ಮ್ಯಾಲ "ಆಪರೇಷನ್ ಮತ್ತು ಔಷಧ 24,000" ಅಂತ ಒಂದೇ ಸಾಲು ಇತ್ತು. ಬಿಲ್ ನಂಬರ್ ಇಲ್ಲ, ಡಾಕ್ಟರ ರಿಜಿಸ್ಟ್ರೇಷನ್ ನಂಬರ್ ಇಲ್ಲ, ಔಷಧದ ಪಟ್ಟಿ ಇಲ್ಲ, ಡಿಸ್ಚಾರ್ಜ್ ಕಾಗದ ಇಲ್ಲ. ಲಸಿಕೆ ಕಾರ್ಡಿನ್ಯಾಗ ಹಿಂದಿನ ವರ್ಷದ ಜಾಗಾದಾಗ ತಾರೀಖು ಐತಿ, ಸ್ಟಿಕ್ಕರ್ ಇಲ್ಲ, ಸಹಿ ಇಲ್ಲ. ಕಂಪನಿಯವರು ಎರಡು ಸಲ ಕಾಗದ ಕೇಳಿದ್ರು, ನಾನು ಒದಗಿಸೋಕ ಆಗಲಿಲ್ಲ, ಕ್ಲೇಮ್ ಮುಚ್ಚಿದ್ರು. ರಾತ್ರಿ ಎರಡು ಗಂಟೆಕ್ಕ ನಾಯಿ ಹೊತ್ಕೊಂಡು ನಿಂತವರು ರಿಜಿಸ್ಟ್ರೇಷನ್ ನಂಬರ್ ಕೇಳ್ತಾರೇನ್ರಿ? ಆದ್ರೂ ಮರುದಿನ ಬೆಳಗ್ಗೆ ಕೇಳ್ಬೋದಿತ್ತು, ನನಗ ಗೊತ್ತಿದ್ದಿಲ್ಲ.

ಅದಕ್ಕ ಈಗ ನಾನು ಪ್ರತಿ ಸಲ ಮಾಡೋದು: ಡಾಕ್ಟರ ಹೆಸರು, ಪಶುವೈದ್ಯ ಪರಿಷತ್ತಿನ ರಿಜಿಸ್ಟ್ರೇಷನ್ ನಂಬರ್ ಮತ್ತ ಸೀಲು ಇರೋ ಚೀಟಿ; ಫೀಸು, ಸೂಜಿ, ಔಷಧ, ಆಪರೇಷನ್, ದಿನದ ಚಾರ್ಜು ಬಿಡಿಬಿಡಿಯಾಗಿ ಬರದ ಬಿಲ್ಲು; ರಕ್ತದ ರಿಪೋರ್ಟು; ಅಡ್ಮಿಟ್ ಆದದ್ದು, ಬಿಟ್ಟದ್ದು ತಾರೀಖು ಇರೋ ಡಿಸ್ಚಾರ್ಜ್ ಕಾಗದ; ಮೆಡಿಕಲ್ ಅಂಗಡಿ ಬಿಲ್ಲಿನ್ಯಾಗ ನಾಯಿ ಹೆಸರು ಮತ್ತ ನನ್ನ ಹೆಸರು; ರೊಕ್ಕ ಫೋನ್‌ಪೇ ಇಲ್ಲಾ ಕಾರ್ಡಿನ್ಯಾಗ, ನಗದು ಕೊಡಂಗಿಲ್ಲ. ಲಸಿಕೆ ಶೀಸೆ ಮ್ಯಾಲಿನ ಸ್ಟಿಕ್ಕರ್ ಡಾಕ್ಟರ ಎದುರಿಗೇ ಕಾರ್ಡಿಗೆ ಹಚ್ಚಿಸಿ ಸಹಿ ತಗೋತೀನಿ. ಎಲ್ಲದರ ಫೋಟೋ ಫೋನಿನ್ಯಾಗ. ಎರಡ್ನೇ ಕ್ಲೇಮು, ಕರಿಯನ ಉಣ್ಣಿ ಜ್ವರದ್ದು, ನಾಕು ದಿನ ಅಡ್ಮಿಟ್ ಇದ್ದದ್ದು, ಈ ಕಾಗದದಿಂದ್ಲೇ ಪಾಸ್ ಆತು.

ಸಣ್ಣ ಊರಿನ ಡಾಕ್ಟರು ಕೇಳಿದ್ರ ಕೊಡ್ತಾರ, ಅವರಿಗೆ ಇನ್ಶೂರೆನ್ಸ್ ಗಿರಾಕಿ ಬರೋದೇ ಕಡಿಮಿ ಅದಕ್ಕ ರೂಢಿ ಇಲ್ಲ ಅಷ್ಟ. "ಸರ್, ಪಾಲಿಸಿ ಐತ್ರಿ, ಹಿಂಗ ಬರದು ಕೊಟ್ರ ನಮಗ ಅನುಕೂಲ ಆಕ್ಕೈತ್ರಿ" ಅಂತ ಮೊದಲೇ ಹೇಳ್ರಿ. ಇನ್ನೊಂದು ಮಾತು, ವೆಟರ್ನರಿ ಕ್ಲಿನಿಕ್ಕಿನ ಚಿಕಿತ್ಸಾ ಸೇವೆಗೆ ಜಿಎಸ್‌ಟಿ ಇಲ್ಲ. ಔಷಧ, ಫುಡ್ಡಿಗೆ ಇರ್ತೈತಿ, ಡಾಕ್ಟರ ಫೀಸಿನ ಮ್ಯಾಲ ಹಾಕಿದ್ರ ಕೇಳ್ರಿ.

ಪ್ರಶ್ನೆ: ಕ್ಯಾಶ್‌ಲೆಸ್ (ದವಾಖಾನಿ ಬಿಲ್ಲು ಕಂಪನಿಯವರೇ ಸೀದಾ ಕಟ್ಟೋದು) ಇರ್ತೈತಾ?

ಕೊಪ್ಪಳ, ರಾಯಚೂರು, ಬಳ್ಳಾರಿ, ನಮ್ಮ ಈ ಮೂರು ಜಿಲ್ಲಾದಾಗ ಅದರ ಮ್ಯಾಲ ಲೆಕ್ಕ ಇಡಬ್ಯಾಡ್ರಿ. ಮೊದಲು ನೀವು ಕಟ್ಟಬೇಕು, ಆಮ್ಯಾಲ ಅವರು ಕೊಡ್ತಾರ. ಅಂದ್ರ ಪಾಲಿಸಿ ಇದ್ದವರ ಹತ್ರನೂ ಆ ರಾತ್ರಿ ಕೈಯಾಗ ರೊಕ್ಕ ಇರಲೇಬೇಕು. ಅಡ್ಮಿಟ್ ಆದ ಕೂಡ್ಲೇ ಕಂಪನಿಗೆ ತಿಳಿಸೋಕ ದಿನದ ಮಿತಿ ಇರ್ತೈತಿ, ಪಾಲಿಸ್ಯಾಗ ನೋಡಿ ಫೋನಿನ್ಯಾಗ ಬರದಿಟ್ಕೋರಿ.

ಪ್ರಶ್ನೆ: ಹಂಗಾದ್ರ ಪಾಲಿಸಿ ಬ್ಯಾಡ, ಅದೇ ರೊಕ್ಕ ಕೂಡಿಟ್ರ ಆಗಲ್ಲೇನು?

ಎರಡೂ ಮಾಡ್ರಿ ಅಂತೀನಿ, ಆದ್ರ ಸಾಲಾಗಿ. ಮೊದಲು ಲಸಿಕೆ ಮತ್ತ ಉಣ್ಣಿ ಔಷಧ, ಯಾಕಂದ್ರ ಇವೆರಡು ಸರಿ ಇದ್ರ ಅರ್ಧ ಬಿಲ್ಲು ಹುಟ್ಟೋದೇ ಇಲ್ಲ. ಆಮ್ಯಾಲ ಕೈರೊಕ್ಕ, ಹದಿನೈದು ಸಾವಿರ ಆಗೋ ತನಕ ತಿಂಗಳಿಗೆ ಸಾವಿರ ಬ್ಯಾರೆ ಉಳಿತಾಯ ಖಾತೆದಾಗ ಹಾಕ್ರಿ. ಪೋಸ್ಟ್ ಆಫೀಸ್ ಆರ್‌ಡಿ ಇದಕ್ಕ ಬ್ಯಾಡ, ಅದು ಐದು ವರ್ಷದ್ದು, ಮೂರು ವರ್ಷಕ್ಕಿಂತ ಮೊದಲು ಮುರಿಯಾಕ ಬರಂಗಿಲ್ಲ, ನಾಯಿ ಬ್ಯಾನಿ ಅಲ್ಲಿ ತನಕ ಕಾಯಂಗಿಲ್ಲ. ಕೈರೊಕ್ಕ ಆದ ಮ್ಯಾಲ ಪಾಲಿಸಿ, ಅದೂ ನಾಯಿ ಎಳೇದಿದ್ದಾಗ, ಆರಾಮ ಇದ್ದಾಗ.

ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಅಂಥ ಸೊಂಟದ ತ್ರಾಸು ಬರೋ ತಳಿ ಇದ್ರ ಪಾಲಿಸಿ ತಗೋರಿ, ಹೊಲದ ಮನಿ ಇದ್ದು ನಾಯಿ ಬಿಟ್ಟು ಸಾಕಿದ್ರ ತಗೋರಿ, ಹೈವೇ ಬಾಜೂಕ ಮನಿ ಇದ್ರ ತಗೋರಿ. ಮನಿ ಒಳಗೇ ಇರೋ ನಾಟಿ ನಾಯಿ, ಲಸಿಕೆ ಪೂರ್ತಿ, ಮಕ್ಕಳಾಗದಂಗ ಆಪರೇಷನ್ ಆಗೈತಿ ಅಂದ್ರ ಕೈರೊಕ್ಕ ಸಾಕಾಗ್ತೈತಿ. ಹೆಣ್ಣುನಾಯಿ ಸಾಕಿದವರು ಮರಿ ಬ್ಯಾಡ ಅಂದ್ರ ಡಾಕ್ಟರ್ ಕೇಳಿ ಜಲ್ದಿ ಆಪರೇಷನ್ ಮಾಡ್ಸಿಬಿಡ್ರಿ, ಆ ಖರ್ಚನ್ನ ಪಾಲಿಸಿ ಕೊಡಂಗಿಲ್ಲ, ಆದ್ರ ನಾನು ಚಿನ್ನಿಗೆ ಆ ಆಪರೇಷನ್ ಮಾಡ್ಸಿದ್ರ ಆ ರಾತ್ರಿ ಬರ್ತಿದ್ದೇ ಇಲ್ಲ.

ಪ್ರಶ್ನೆ: ನಮ್ಮ ನಾಯಿ ಬಾಜೂ ಮನಿಯವರಿಗೆ ಕಚ್ಚೈತಿ. ಪಾಲಿಸಿ ಕೊಡ್ತೈತಾ?

ಮೊದಲು ಆ ಮನಷ್ಯಾರನ್ನ ನೋಡ್ರಿ. ಗಾಯಕ್ಕ ಸಬಕಾರ ಹಚ್ಚಿ ಹರಿಯೋ ನೀರಾಗ 15 ನಿಮಿಷ ತೊಳಸ್ರಿ, ಸುಣ್ಣ, ಖಾರ, ಅರಿಶಿಣ ಏನೂ ಹಚ್ಚಬ್ಯಾಡ್ರಿ, ಅವತ್ತೇ ಸರ್ಕಾರಿ ದವಾಖಾನಿಗೆ ಕರ್ಕೊಂಡು ಹೋಗಿ ರೇಬೀಸ್ ಸೂಜಿ ಶುರು ಮಾಡಿಸ್ರಿ. ನಿಮ್ಮ ನಾಯಿಗೆ ಲಸಿಕೆ ಆಗಿದ್ರೂ ಬಿಡಬ್ಯಾಡ್ರಿ, ಆ ರೋಗ ಲಕ್ಷಣ ಕಂಡ ಮ್ಯಾಲ ಉಳಿದವರಿಲ್ಲ ಅನ್ನಬೇಕು.

ಪಾಲಿಸ್ಯಾಗ ಥರ್ಡ್ ಪಾರ್ಟಿ ತುಂಡು (ಮ್ಯಾಲ ಹೇಳಿದ ಬ್ಯಾರೆಯವರಿಗೆ ಕಚ್ಚಿದ್ರ ಬರೋ ಹೊಣೆ) ತಗೊಂಡಿದ್ರ ನೀವು ಕಾನೂನು ಪ್ರಕಾರ ಕೊಡಬೇಕಾದ ಪರಿಹಾರ ಮಿತಿಯೊಳಗ ಬರ್ತೈತಿ. ಆದ್ರ ಪ್ರಾಣಿನ ಬೇಜವಾಬ್ದಾರಿಲೆ ಬಿಟ್ರ ಭಾರತೀಯ ನ್ಯಾಯ ಸಂಹಿತೆ 291ನೇ ಕಲಂ ಕೆಳಗ ಆರು ತಿಂಗಳ ತನಕ ಜೈಲು, ಇಲ್ಲಾ 5,000 ತನಕ ದಂಡ, ಇಲ್ಲಾ ಎರಡೂ ಐತಿ, ಅದನ್ನ ಯಾವ ಪಾಲಿಸಿನೂ ಕಟ್ಟಂಗಿಲ್ಲ. ಮನಿಯವರಿಗೇ, ಕೆಲಸದವರಿಗೇ ಕಚ್ಚಿದ್ರ ಥರ್ಡ್ ಪಾರ್ಟಿ ಅಂತ ಹಿಡಿಯಂಗಿಲ್ಲ ಅನ್ನೋ ಷರತ್ತು ಇರಬೋದು, ಓದ್ಕೋರಿ.

ಪ್ರಶ್ನೆ: ಕ್ಲೇಮ್ ಸುಮ್‌ಸುಮ್ನೆ ತಿರಸ್ಕಾರ ಮಾಡಿದ್ರ ಯಾರಿಗೆ ಹೇಳ್ಬೇಕು?

ಮೊದಲು ಕಂಪನಿಯ ಗ್ರೀವನ್ಸ್ ಆಫೀಸರಿಗೆ (ದೂರು ಕೇಳೋ ಅಧಿಕಾರಿಗೆ) ಇಮೇಲ್, ಫೋನಿನ್ಯಾಗ ಜಗಳ ಮಾಡಿ ಉಪಯೋಗ ಇಲ್ಲ, ಬರದದ್ದು ಇರಬೇಕು. ತಿಂಗಳಾದ್ರೂ ಉತ್ತರ ಬರಲಿಲ್ಲ ಇಲ್ಲಾ ಉತ್ತರ ಸರಿ ಅನಸಲಿಲ್ಲ ಅಂದ್ರ ಬೆಂಗಳೂರಿನ ಇನ್ಶೂರೆನ್ಸ್ ಓಂಬುಡ್ಸ್‌ಮನ್‌ಗೆ (ವಿಮೆ ತಕರಾರು ಬಗೆಹರಿಸೋ ಅಧಿಕಾರಿಗೆ) ವರ್ಷದೊಳಗ ದೂರು ಕೊಡಬೋದು, ಫೀಸಿಲ್ಲ, ವಕೀಲರು ಬೇಕಾಗಿಲ್ಲ. ವಿಮಾ ಕಂಪನಿಗಳ ಮ್ಯಾಲ ಕಣ್ಣಿಡೋ ಸಂಸ್ಥೆ ಐಆರ್‌ಡಿಎಐದ ಬಿಮಾ ಭರೋಸಾ ಅನ್ನೋ ದೂರಿನ ಪೋರ್ಟಲ್ ಐತಿ, ಫೋನ್ 155255. ಅದೂ ಆಗಲಿಲ್ಲ ಅಂದ್ರ ಜಿಲ್ಲಾ ಗ್ರಾಹಕರ ಆಯೋಗ, 5 ಲಕ್ಷದ ತನಕದ ವ್ಯವಹಾರಕ್ಕ ಅಲ್ಲೂ ಫೀಸಿಲ್ಲ, ದಾರಿ ಗೊತ್ತಾಗಲಿಲ್ಲಂದ್ರ 1915ಕ್ಕ ಫೋನ್ ಮಾಡಿ ಕೇಳ್ರಿ.

ಪ್ರಶ್ನೆ: ಬೆಕ್ಕಿಗೆ?

ಕೆಲವು ಕಂಪನಿ ಕೊಡ್ತಾವ, ನಾಯಿಯಷ್ಟು ಆಯ್ಕೆ ಇಲ್ಲ. ಮನಿ ಬಿಟ್ಟು ಹೊರಗ ಅಡ್ಡಾಡೋ ಬೆಕ್ಕಿಗೆ ರೇಬೀಸ್ ಲಸಿಕೆ ಬೇಕೇ ಬೇಕು, ಇದನ್ನ ನಮ್ಮ ಕಡೆ ಯಾರೂ ಮಾಡ್ಸಂಗಿಲ್ಲ.

ಪ್ರಶ್ನೆ: ಪಾಲಿಸಿ ಇರೋ ನಾಯಿ ಸತ್ರ ಏನ್ ಮಾಡ್ಬೇಕು?

ಕೇಳೋಕ ಕಷ್ಟ, ಹೇಳೋಕೂ ಕಷ್ಟ, ಆದ್ರ ಅವತ್ತು ಯಾರಿಗೂ ಬುದ್ಧಿ ಓಡಂಗಿಲ್ಲ ಅದಕ್ಕ ಈಗಲೇ ಓದಿಟ್ಕೋರಿ. ಹೂಳೋಕ ಮೊದಲು ಕಂಪನಿಗೆ ಫೋನ್ ಮಾಡ್ರಿ. ನೋಂದಾಯಿತ ಪಶುವೈದ್ಯರಿಂದ ಸಾವಿನ ಕಾರಣ ಬರದ ಸರ್ಟಿಫಿಕೇಟ್ ಬೇಕು, ಕೆಲವರು ಪೋಸ್ಟ್‌ಮಾರ್ಟಂ ಕೇಳ್ತಾರ, ಹೂಳಿದ ಮ್ಯಾಲ ಅದು ಆಗಂಗಿಲ್ಲ. ಮುಖ, ಮೈಮ್ಯಾಲಿನ ಗುರುತು, ಕೊಳ್ಳಪಟ್ಟಿ ಕಾಣೋಹಂಗ ಫೋಟೋ ತಗೋರಿ, ಚಿಪ್ ಇದ್ರ ಡಾಕ್ಟರ ಹತ್ರ ನಂಬರ್ ಓದಿಸಿ ಬರಸ್ಕೋರಿ. ಬ್ಯಾಸಿಗ್ಯಾಗ ನಮ್ಮ ಕಡೆ ಹೆಚ್ಚು ಹೊತ್ತು ಇಡಾಕ ಬರಂಗಿಲ್ಲ, ಅದಕ್ಕ ಈ ಕೆಲಸ ಮನಿಯವರಲ್ಲದ ಒಬ್ಬ ಗೆಳೆಯಗೆ ಒಪ್ಪಿಸಿ ನೀವು ನಾಯಿ ಹತ್ರ ಕೂಡ್ರಿ. ನಮ್ಮ ಚಿನ್ನಿಗಿಂತ ಮೊದಲಿದ್ದ ನಾಯಿ ಸತ್ತಾಗ ಪಾಲಿಸಿನೂ ಇದ್ದಿಲ್ಲ ಏನೂ ಇದ್ದಿಲ್ಲ, ಹಿತ್ತಲ ಬೇವಿನ ಗಿಡದ ಬುಡಕ ಮೂರಡಿ ತೋಡಿ ಸುಣ್ಣ ಹಾಕಿ ಮುಚ್ಚಿದ್ವಿ, ಚಿನ್ನಿ ಈಗಲೂ ಮಧ್ಯಾಹ್ನ ಹೋಗಿ ಆ ನೆರಳಿನ್ಯಾಗೇ ಮಲಗ್ತಾಳ.